ಒಲೆ ಏರುವ ಮುಂಚೆ

ನಮ್ಮ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಾಗಲಿ ಹುನಗುಂದದಲ್ಲಾಗಲಿ ಹಂದಿಮಾಂಸವನ್ನು ಹಸಿಯಾಗಿ ತಿನ್ನುವ ರೂಢಿಯಿಲ್ಲ. ಸಂತೆಯಿಂದ ತಂದ ಖಂಡ ಅರಿಷಿಣ, ಉಪ್ಪಿನಲ್ಲಿ ಕುದಿದು, ಖಾರ ಮಸಾಲಿ ಬಿದ್ದು, ಜೋಳದ ರೊಟ್ಟಿಯ ಪಕ್ಕಕ್ಕೆ ಬರುವ ಹೊತ್ತಿಗೆ ಒಲೆಯ ಮೇಲೆ ತಾಸುಗಟ್ಟಲೆ ಇದ್ದಿರುತ್ತದೆ. ಹಾಗಾಗಿ ಮಾಂಸದಲ್ಲಿ ರೋಗಾಣು ಇರುತ್ತವೆ ಎಂದು ಯಾರಾದರೂ ಹೇಳಿದರೆ ನಮ್ಮ ಕಡೆ ಸಿದ್ಧ ಉತ್ತರವೊಂದಿದೆ: ‘ಕುದಿಸಿದ ಮ್ಯಾಲ ಏನ್ ಉಳೀತೈತ್ರಿ?’

ಮಾತು ಮುಕ್ಕಾಲು ಪಾಲು ನಿಜ. ಒಳಗಿನ ತನಕ 70 ಡಿಗ್ರಿ ಸೆಲ್ಸಿಯಸ್ ಕಾವು ಮುಟ್ಟಿದ ಮಾಂಸದಲ್ಲಿ ಹೆಚ್ಚಿನ ರೋಗಾಣುಗಳು ಸಾಯುತ್ತವೆ. ಉಳಿದ ಕಾಲು ಪಾಲಿನ ಕತೆ ಸ್ವಲ್ಪ ಉದ್ದ. ಅದನ್ನು ಪತ್ತೆ ಹಚ್ಚಲು ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಹುಡುಕಿದವರಲ್ಲಿ ಒಬ್ಬ ಬೇರೆಯದೇ ರೋಗದ ಬೆನ್ನು ಹತ್ತಿದ್ದ. ಒಬ್ಬನಿಗೆ ಮಣ್ಣಿಗೆ ಬಂದವರ ಊಟ ದಾರಿ ತೋರಿಸಿತು. ಮತ್ತೊಬ್ಬ ತನ್ನ ಹೊಟ್ಟೆಯನ್ನೇ ಪರೀಕ್ಷೆಗೆ ಒಡ್ಡಿದ.

ಹಂದಿ ಈ ಸೀಮೆಗೆ ಹೊರಗಿನದಲ್ಲ. ಬಾದಾಮಿಯ ಚಾಲುಕ್ಯರ ರಾಜಲಾಂಛನವೇ ವರಾಹ. ಅಲ್ಲಿಯ ಮೂರನೆಯ ಗುಹೆಯಲ್ಲಿ ಮಂಗಳೇಶ ಬರೆಸಿದ ಶಾಸನಕ್ಕೆ ಕ್ರಿ.ಶ. 578ರ ಕಾಲ. ಅದೇ ಗುಹೆಯಲ್ಲಿ ಭೂದೇವಿಯನ್ನು ಎತ್ತಿ ನಿಂತ ವರಾಹನಿದ್ದಾನೆ. ಮೆಟ್ಟಿಲು ಇಳಿದು ಊರೊಳಗೆ ಬಂದರೆ ಚರಂಡಿಯ ಬದಿಗೆ ಮರಿಗಳೊಂದಿಗೆ ಅಡ್ಡಾಡುವ ಹಂದಿ ಎದುರಾಗುತ್ತದೆ. ಮೇಲಿನದಕ್ಕೆ ಕೈ ಮುಗಿಯುವವರೇ ಕೆಳಗಿನದನ್ನು ಕಂಡು ಮೂಗು ಮುಚ್ಚುತ್ತಾರೆ. ಮೂಗು ಮುಚ್ಚುವುದು ಅದನ್ನು ಸಾಕುವವರ ಕಡೆಗೂ ತಿರುಗುತ್ತದೆ. ಆದ್ದರಿಂದ ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು: ಮುಂದೆ ಬರುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಕೋಳಿಯಲ್ಲಿ, ಕುರಿಯಲ್ಲಿ, ಎಮ್ಮೆಯ ಹಾಲಿನಲ್ಲಿ, ನಮ್ಮ ನಿಮ್ಮ ಮೂಗಿನಲ್ಲಿಯೂ ಸಿಗುತ್ತವೆ. 2009ರಲ್ಲಿ ಎಚ್1ಎನ್1 ಜ್ವರ ಬಂದಾಗ ಅದಕ್ಕೆ ಹಂದಿಯ ಹೆಸರು ಅಂಟಿತು. ಬೇಯಿಸಿದ ಮಾಂಸ ತಿಂದರೆ ಆ ಜ್ವರ ಬರುವುದಿಲ್ಲ ಎಂದು ವೈದ್ಯರು ಹೇಳಿದರೂ ಏಟು ತಿಂದದ್ದು ಹಂದಿ ಮಾರುವವರ ಹೊಟ್ಟೆಪಾಡು. ಲಾಡಿಹುಳುವಿನದೂ ಇಂಥದೇ ಅರ್ಧ ತಿಳಿವಳಿಕೆ. ಸರಿಯಾಗಿ ಬೇಯದ ಹಂದಿಮಾಂಸದಿಂದ ಹೊಟ್ಟೆಗೆ ಲಾಡಿಹುಳು ಸೇರುವುದು ನಿಜ. ಆದರೆ ಮಿದುಳಿಗೆ ಹೋಗಿ ಮೂರ್ಛೆ ತರಿಸುವುದು ಆ ಹುಳುವಿನ ಮೊಟ್ಟೆ. ಅದು ಬರುವುದು ಮನುಷ್ಯರ ಮಲ ಸೋಂಕಿದ ನೀರು, ಸೊಪ್ಪು, ಕೈಗಳಿಂದ. ಹಂದಿಯನ್ನು ಮುಟ್ಟದ ಶುದ್ಧ ಸಸ್ಯಾಹಾರಿಗೂ ಆ ಕಾಯಿಲೆ ಬರುತ್ತದೆ. ಹುಳುವಿನ ಕತೆ ಅಷ್ಟಕ್ಕೇ ಇರಲಿ. ಇಲ್ಲಿಯದು ಬ್ಯಾಕ್ಟೀರಿಯಾದ ಕತೆ.

ಬ್ಯಾಕ್ಟೀರಿಯಾವನ್ನು ನೋಡಬೇಕೆಂದರೆ ಮೊದಲು ಅದನ್ನು ಬೆಳೆಸಬೇಕು. ಮಾಂಸದ ಚೂರನ್ನು ನೇರ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನೂರು ಜಾತಿಯವು ಕಲಸಿಹೋಗಿರುತ್ತವೆ. ಯಾವುದು ಯಾವುದೆಂದು ಹೇಳಲು ಬರುವುದಿಲ್ಲ. ಜರ್ಮನಿಯ ರಾಬರ್ಟ್ ಕಾಖ್ ಗಟ್ಟಿ ಮೇಲ್ಮೈಯ ಮೇಲೆ ಅವನ್ನು ಬಿಡಿಬಿಡಿಯಾಗಿ ಬೆಳೆಸುವ ದಾರಿ ಕಂಡುಕೊಂಡ. ಆ ಮೇಲ್ಮೈಗೆ ಬಳಸಿದ್ದು ಜೆಲಟಿನ್. ಅದರ ಕಷ್ಟವೆಂದರೆ ಸ್ವಲ್ಪ ಸೆಕೆಯಾದರೂ ಕರಗಿ ನೀರಾಗುತ್ತಿತ್ತು. ಮನುಷ್ಯನ ಮೈಯಲ್ಲಿ ಬೆಳೆಯುವ ರೋಗಾಣುಗಳಿಗೆ ಬೇಕಾದ 37 ಡಿಗ್ರಿಯಲ್ಲಿ ಅದು ನಿಲ್ಲುತ್ತಲೇ ಇರಲಿಲ್ಲ. ಕಾಖ್‌ನ ಬಳಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ ಎಂಬ ವೈದ್ಯನ ಹೆಂಡತಿ ಫ್ಯಾನಿ ಹೆಸ್ 1881ರಲ್ಲಿ ಇದಕ್ಕೆ ಅಡುಗೆಮನೆಯಿಂದ ಪರಿಹಾರ ಕೊಟ್ಟಳು. ಬೇಸಗೆಯಲ್ಲೂ ಅವಳು ಮಾಡಿದ ಹಣ್ಣಿನ ಜೆಲ್ಲಿ ಕರಗುತ್ತಿರಲಿಲ್ಲ. ಕಾರಣ ಅದಕ್ಕೆ ಬೆರೆಸುತ್ತಿದ್ದ ಅಗರ್, ಕಡಲಪಾಚಿಯಿಂದ ತೆಗೆದ ಅಂಟು. ಜಾವಾದಲ್ಲಿ ಇದ್ದು ಬಂದ ಡಚ್ ನೆರೆಯವರಿಂದ ಅವಳು ಅದನ್ನು ಕಲಿತಿದ್ದಳು. ಇಂದಿಗೂ ಜಗತ್ತಿನ ಯಾವ ಪ್ರಯೋಗಾಲಯಕ್ಕೆ ಹೋದರೂ ತಟ್ಟೆಯಲ್ಲಿರುವುದು ಅಗರೇ. ಏಪ್ರಿಲ್ ತಿಂಗಳ ಬಾಗಲಕೋಟೆಯಲ್ಲಿ ಜೆಲಟಿನ್ ತಟ್ಟೆ ಇಟ್ಟುಕೊಂಡು ಯಾರೂ ಏನನ್ನೂ ಕಂಡುಹಿಡಿಯಲು ಆಗುತ್ತಿರಲಿಲ್ಲ. ಕಾಖ್ ಈ ಉಪಾಯವನ್ನು ಲೋಕಕ್ಕೆ ಹೇಳಿದಾಗ ಫ್ಯಾನಿಯ ಹೆಸರನ್ನು ಹೇಳಲಿಲ್ಲ.

ಹೆಸರು ಯಾರಿಗೆ ಸಲ್ಲಬೇಕು, ಯಾರಿಗೆ ಸಂದಿತು ಎಂಬ ಮಾತು ಮುಂದಿನ ಕತೆಯಲ್ಲೂ ಬರುತ್ತದೆ. ಅದು ಹಂದಿಯ ದೊಡ್ಡಿಯಿಂದಲೇ ಶುರು.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹಂದಿಗಳಿಗೆ ಒಂದು ಮಾರಿ ಬಡಿದಿತ್ತು. ಜ್ವರ, ಭೇದಿ, ಮೈಮೇಲೆ ಕೆಂಪು ಮಚ್ಚೆ. ಹಿಂಡು ಹಿಂಡೇ ಸಾಯುತ್ತಿದ್ದವು. ಹಂದಿಗಳ ಕಾಲರಾ ಎಂದು ಅದನ್ನು ಕರೆದರು. 1884ರಲ್ಲಿ ಅಮೆರಿಕದ ಕೃಷಿ ಇಲಾಖೆ ಪ್ರಾಣಿ ಕೈಗಾರಿಕೆಗಳ ಬ್ಯೂರೋ ಒಂದನ್ನು ತೆರೆದು ಅದಕ್ಕೆ ಡೇನಿಯಲ್ ಎಲ್ಮರ್ ಸಾಲ್ಮನ್ ಎಂಬ ಪಶುವೈದ್ಯನನ್ನು ಮುಖ್ಯಸ್ಥನನ್ನಾಗಿ ಮಾಡಿತು. ಆತನ ಕೈಕೆಳಗೆ ಸೇರಿದವನು ಥಿಯೋಬಾಲ್ಡ್ ಸ್ಮಿತ್, ಆಲ್ಬನಿ ಊರಿನ ಜರ್ಮನ್ ವಲಸಿಗರ ಮಗ, ಆಗಷ್ಟೇ ವೈದ್ಯ ಪದವಿ ಮುಗಿಸಿದ್ದ ಇಪ್ಪತ್ತೈದರ ಹುಡುಗ. ಅಮೆರಿಕದಲ್ಲಿ ಆಗ ಬ್ಯಾಕ್ಟೀರಿಯಾ ಶಾಸ್ತ್ರ ಕಲಿಸುವವರೇ ವಿರಳ. ಸ್ಮಿತ್‌ಗೆ ಮನೆಮಾತಾಗಿ ಜರ್ಮನ್ ಬರುತ್ತಿತ್ತು. ಕಾಖ್‌ನ ಬರಹಗಳನ್ನು ಓದಿಕೊಂಡು, ತಟ್ಟೆಯಲ್ಲಿ ಬೆಳೆಸುವ ವಿದ್ಯೆಯನ್ನು ತಾನೇ ಕಲಿತ.

1885ರಲ್ಲಿ ಸತ್ತ ಹಂದಿಗಳ ಒಳಾಂಗಗಳಿಂದ ಸ್ಮಿತ್ ಒಂದು ಕಡ್ಡಿಯಾಕಾರದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ಹಂದಿಯ ಕಾಲರಾಕ್ಕೆ ಇದೇ ಕಾರಣವೆಂದು ಬ್ಯೂರೋ ಸಾರಿತು. ವರದಿಯಲ್ಲಿ ಮೊದಲ ಹೆಸರು ಮುಖ್ಯಸ್ಥ ಸಾಲ್ಮನ್‌ನದು. ಮರುವರ್ಷ ಇಬ್ಬರೂ ಇನ್ನೊಂದು ದೊಡ್ಡ ಕೆಲಸ ಮಾಡಿದರು. ಆ ಬ್ಯಾಕ್ಟೀರಿಯಾವನ್ನು ಕಾಯಿಸಿ ಕೊಂದು ಪಾರಿವಾಳಗಳಿಗೆ ಚುಚ್ಚಿದರು. ಅನಂತರ ಜೀವಂತ ರೋಗಾಣು ಕೊಟ್ಟರೂ ಅವು ಬದುಕಿದವು. ಸತ್ತ ರೋಗಾಣುವಿನಿಂದಲೂ ಲಸಿಕೆ ಮಾಡಬಹುದೆಂದು ತೋರಿದ ಮೊದಲ ಪ್ರಯೋಗಗಳಲ್ಲಿ ಅದೂ ಒಂದು. 1900ರಲ್ಲಿ ಫ್ರೆಂಚ್ ಪಶುವೈದ್ಯ ಲಿನ್ಯೇರ್ ಈ ಕುಲದ ಬ್ಯಾಕ್ಟೀರಿಯಾಗಳಿಗೆ ಸಾಲ್ಮನ್‌ನ ಗೌರವಾರ್ಥ ಸಾಲ್ಮೊನೆಲ್ಲಾ ಎಂದು ಹೆಸರಿಟ್ಟ. ತಟ್ಟೆಯ ಮುಂದೆ ಕೂತು ಕಣ್ಣು ಸವೆಸಿದ ಸ್ಮಿತ್‌ನ ಹೆಸರು ಅದರಲ್ಲಿ ಬರಲಿಲ್ಲ. ಕಚೇರಿಗಳ ಧರ್ಮ ಗೊತ್ತಿದ್ದವರಿಗೆ ಇದು ಆಶ್ಚರ್ಯವಲ್ಲ.

ತಮಾಷೆ ಮುಂದಿದೆ. 1903ರ ಸುಮಾರಿಗೆ ಅದೇ ಬ್ಯೂರೋದ ಶ್ವೈನಿಟ್ಸ್ ಮತ್ತು ಡಾರ್ಸೆಟ್, ಕಾಯಿಲೆಯ ಹಂದಿಯ ರಕ್ತವನ್ನು ಬ್ಯಾಕ್ಟೀರಿಯಾ ದಾಟಲಾರದಷ್ಟು ಸಣ್ಣ ರಂಧ್ರದ ಸೋಸಣಿಯಲ್ಲಿ ಸೋಸಿ, ಸೋಸಿದ ದ್ರವವನ್ನು ಆರೋಗ್ಯವಂತ ಹಂದಿಗೆ ಕೊಟ್ಟರು. ಹಂದಿಗೆ ರೋಗ ಬಂತು. ಅಂದರೆ ಮಾರಿಗೆ ಕಾರಣ ವೈರಸ್. ಸ್ಮಿತ್ ಕಂಡಿದ್ದ ಬ್ಯಾಕ್ಟೀರಿಯಾ, ವೈರಸ್ಸಿನಿಂದ ಸೊರಗಿದ ಹಂದಿಯ ಮೈಗೆ ಆಮೇಲೆ ಒಳನುಗ್ಗಿದ್ದು. ಹಂದಿಯ ಕಾಲರಾದ ಮಟ್ಟಿಗೆ ಇಡೀ ಶೋಧ ತಪ್ಪು. ಆದರೆ ತಪ್ಪಾಗಿ ಸಿಕ್ಕ ಆ ಜೀವಿ ಮನುಷ್ಯರಿಗೆ ಕಾಡುವುದು ನಿಜವೇ ಆಗಿತ್ತು. ಅದರ ಬಳಗದ ಇನ್ನೊಂದನ್ನು 1888ರಲ್ಲೇ ಜರ್ಮನಿಯ ಫ್ರಾಂಕನ್‌ಹೌಸನ್ ಎಂಬ ಊರಿನಲ್ಲಿ ಆಗಸ್ಟ್ ಗಾರ್ಟ್ನರ್ ಹಿಡಿದಿದ್ದ. ಅಲ್ಲಿ ಕಾಯಿಲೆಯ ಹಸುವೊಂದನ್ನು ಕಡಿದು ಮಾಂಸ ಮಾರಿದ್ದರು. ಐವತ್ತಕ್ಕೂ ಮಿಕ್ಕಿ ಜನ ಹಾಸಿಗೆ ಹಿಡಿದರು. ಸತ್ತವನು ಒಬ್ಬನೇ, ಮಾಂಸವನ್ನು ಹಸಿಯಾಗಿ ತಿಂದವನು. ಉಳಿದ ಮಾಂಸದಲ್ಲೂ ಸತ್ತವನ ಗುಲ್ಮದಲ್ಲೂ ಒಂದೇ ಬ್ಯಾಕ್ಟೀರಿಯಾ ಸಿಕ್ಕಿತು.

ರೋಗಿಯ ಮೈ ಮತ್ತು ತಿಂದ ಆಹಾರ, ಎರಡರಲ್ಲೂ ಒಂದೇ ಜೀವಿಯನ್ನು ತೋರಿಸುವುದು: ಮಾಂಸದ ರೋಗಾಣುಗಳ ಮೇಲಿನ ಮೊಕದ್ದಮೆಗಳೆಲ್ಲ ಅಲ್ಲಿಂದಾಚೆ ಹೀಗೇ ನಡೆದವು. ಇಂದು ಸಾಲ್ಮೊನೆಲ್ಲಾದಲ್ಲಿ 2,500ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಿದ್ದಾರೆ. ಎಷ್ಟೋ ಬಗೆಗಳಿಗೆ ಮೊದಲು ಸಿಕ್ಕ ಊರಿನದೇ ಹೆಸರು. 1928ರಲ್ಲಿ ಉತ್ತರಪ್ರದೇಶದ ಬರೇಲಿಯಲ್ಲಿ ಸಿಕ್ಕಿದ್ದು ಲೋಕಕ್ಕೆಲ್ಲ ಸಾಲ್ಮೊನೆಲ್ಲಾ ಬರೇಲಿ. ಊರಿಗೆ ಇಂಥ ಕೀರ್ತಿ ಬಾರದಿರುವುದೇ ಲೇಸು.

ಸಾಲ್ಮೊನೆಲ್ಲಾದ ಮಟ್ಟಿಗೆ ‘ಕುದಿಸಿದ ಮ್ಯಾಲ’ ಎನ್ನುವವರು ಗೆದ್ದಂತೆಯೇ. ಚೆನ್ನಾಗಿ ಕುದಿಸಿದರೆ ಅದು ಸಾಯುತ್ತದೆ. ಮುಂದಿನ ರೋಗಾಣುವಿನ ವಿಷಯದಲ್ಲೂ ಒಲೆಗೇ ಗೆಲುವು, ಆದರೆ ಸ್ವಲ್ಪ ಬೇರೆ ರೀತಿಯಲ್ಲಿ.

ಬೆಲ್ಜಿಯಂ ದೇಶದ ಎಲೆಜೆಲ್ ಒಂದು ಸಣ್ಣ ಹಳ್ಳಿ. 1895ರ ಡಿಸೆಂಬರ್ 14ರಂದು ಅಲ್ಲಿ ಹಿರಿಯರೊಬ್ಬರ ಶವಸಂಸ್ಕಾರ. ನಮ್ಮಲ್ಲಿ ಹಲಗಿ, ಡೊಳ್ಳಿನವರು ಬರುವಂತೆ ಅಲ್ಲಿ ಊರಿನ ವಾದ್ಯಮೇಳದ 34 ಮಂದಿ ಬಂದಿದ್ದರು. ಮಣ್ಣು ಮುಗಿಸಿ ಊಟಕ್ಕೆ ಕೂತರು. ಬಡಿಸಿದ್ದು ಹಂದಿಯ ತೊಡೆ, ಉಪ್ಪುನೀರಿನ ಪೀಪಾಯಿಯಲ್ಲಿ ಮುಳುಗಿಸಿ ಇಟ್ಟಿದ್ದು, ಬೇಯಿಸದೆ ಹಾಗೆಯೇ ಕತ್ತರಿಸಿ ಕೊಟ್ಟಿದ್ದು. ಮರುದಿನದ ಹೊತ್ತಿಗೆ ಒಬ್ಬೊಬ್ಬರಿಗೇ ಕಣ್ಣು ಮಂಜಾಯಿತು, ಒಂದು ವಸ್ತು ಎರಡಾಗಿ ಕಾಣತೊಡಗಿತು. ನುಂಗಲು ಆಗದು, ಮಾತು ತೊದಲು. ಜ್ವರವಿಲ್ಲ, ಬುದ್ಧಿ ಸ್ಪಷ್ಟ. ಮೂವರು ಸತ್ತರು. ಇನ್ನೂ ಹತ್ತು ಮಂದಿಯ ಸ್ಥಿತಿ ಸಾವಿನ ಅಂಚಿಗೆ ಹೋಗಿತ್ತು.

ಘೆಂಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಮಿಲ್ ವಾನ್ ಎರ್ಮೆಂಗೆಮ್ ಬಳಿಗೆ ಆ ತೊಡೆಯ ಉಳಿದ ಭಾಗ ಬಂತು. ಆತನೂ ಕಾಖ್‌ನ ಶಿಷ್ಯನೇ. ಮಾಂಸದ ರಸವನ್ನು ಇಲಿ, ಮೊಲ, ಮಂಗಗಳಿಗೆ ಕೊಟ್ಟ. ಅವುಗಳ ಮಾಂಸಖಂಡಗಳೂ ಹಾಗೆಯೇ ಸೋತು ಬಿದ್ದವು. ಇಲ್ಲಿ ಒಂದು ವಿಚಿತ್ರ ಅವನ ಗಮನಕ್ಕೆ ಬಂತು. ಅದೇ ಹಂದಿಯ ಬೇರೆ ಭಾಗಗಳನ್ನು ತಿಂದವರಿಗೆ ಏನೂ ಆಗಿರಲಿಲ್ಲ. ವ್ಯತ್ಯಾಸವಿದ್ದುದು ಪೀಪಾಯಿಯೊಳಗೆ. ಈ ತೊಡೆ ಉಪ್ಪುನೀರಿನ ತಳದಲ್ಲಿ, ಗಾಳಿಯ ಸೋಂಕಿಲ್ಲದೆ ಇತ್ತು. ಹಾಗಾದರೆ ಗಾಳಿ ಇದ್ದಲ್ಲಿ ಬೆಳೆಯಲಾರದ ಜೀವಿಯೊಂದು ಇದರೊಳಗಿರಬೇಕು. ಆಮ್ಲಜನಕವಿಲ್ಲದ ಸ್ಥಿತಿ ಒದಗಿಸಿ ಬೆಳೆಸಿದ. ಮಾಂಸದಲ್ಲೂ, ಸತ್ತ ವಾದ್ಯಗಾರನೊಬ್ಬನ ಗುಲ್ಮದಲ್ಲೂ ಒಂದೇ ಬ್ಯಾಕ್ಟೀರಿಯಾ ಸಿಕ್ಕಿತು. 1897ರಲ್ಲಿ ವಿವರವಾಗಿ ಪ್ರಕಟಿಸಿದ. ಇಂದು ಅದನ್ನು ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎನ್ನುತ್ತಾರೆ. ಅದರ ವಿಷದಷ್ಟು ತೀಕ್ಷ್ಣವಾದುದು ಪ್ರಕೃತಿಯಲ್ಲಿ ಇನ್ನೊಂದು ಸಿಕ್ಕಿಲ್ಲ. ಸುಕ್ಕು ಹೋಗಲಾಡಿಸಲು ಮುಖಕ್ಕೆ ಚುಚ್ಚಿಸಿಕೊಳ್ಳುವ ಬೊಟಾಕ್ಸ್ ಕೂಡ ಅದೇ ವಿಷದ ಅತಿ ಸಣ್ಣ ಪ್ರಮಾಣ.

ಇದಕ್ಕೂ ಎಪ್ಪತ್ತೈದು ವರ್ಷ ಹಿಂದೆ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ವೈದ್ಯ, ಕವಿ ಯುಸ್ಟಿನಸ್ ಕರ್ನರ್ ಈ ಕಾಯಿಲೆಯ ಲಕ್ಷಣಗಳನ್ನೆಲ್ಲ ಬರೆದಿಟ್ಟಿದ್ದ. ಹಂದಿಯ ಕರುಳಿನಲ್ಲಿ ತುಂಬಿ ಹೊಗೆಯಾಡಿಸಿದ ಸಾಸೇಜ್ ತಿಂದವರಿಗೆ ಬರುತ್ತಿದ್ದ ಕಾಯಿಲೆ ಅದು. ಆ ರಸವನ್ನು ತಾನೇ ರುಚಿ ನೋಡಿ ನಾಲಿಗೆ ಒಣಗಿದ್ದನ್ನೂ ದಾಖಲಿಸಿದ. ಕಾರಣ ಒಂದು ಜೀವಿ ಎಂಬುದು ಅವನ ಕಾಲಕ್ಕೆ ಊಹೆಗೂ ನಿಲುಕದ ಮಾತು.

ಬೊಟುಲಿನಮ್‌ನ ಬೀಜಕಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅದು ಉಗುಳುವ ವಿಷ ಮಾತ್ರ ಕೆಲ ನಿಮಿಷ ಕುದಿಸಿದರೆ ಮುರಿಯುತ್ತದೆ. ಎಲೆಜೆಲ್‌ನ ವಾದ್ಯಗಾರರು ನಮ್ಮ ಹಾಗೆ ಮಾಂಸವನ್ನು ಕುದಿಸಿ ತಿಂದಿದ್ದರೆ ಮೂವರೂ ಬದುಕುತ್ತಿದ್ದರು. ಇಷ್ಟರಮಟ್ಟಿಗೆ ನಮ್ಮ ಅಡುಗೆಯ ಹೆಂಗಸರಿಗೆ ಜಯ.

ಮೂರನೆಯ ರೋಗಾಣು ಬಂದಾಗ ಲೆಕ್ಕ ತಿರುಗುತ್ತದೆ. ಸ್ಕಾಟ್‌ಲೆಂಡಿನ ಅಬರ್ಡೀನ್ ಊರಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಓಗ್‌ಸ್ಟನ್ 1880ರಲ್ಲಿ ಕೀವಿನಲ್ಲಿ ದುಂಡು ದುಂಡಾದ, ಗೊಂಚಲು ಕಟ್ಟಿಕೊಂಡ ಬ್ಯಾಕ್ಟೀರಿಯಾಗಳನ್ನು ಕಂಡ. ಮನೆಯಲ್ಲೇ ಪ್ರಯೋಗಶಾಲೆ ಮಾಡಿಕೊಂಡು ಕೋಳಿಮೊಟ್ಟೆಯೊಳಗೆ ಅವನ್ನು ಬೆಳೆಸಿದ. ಸ್ಟ್ಯಾಫಿಲೊಕಾಕಸ್ ಎಂದು ಹೆಸರಿಟ್ಟವನೂ ಅವನೇ. ಗಾಯದಲ್ಲಿ, ಕುರುವಿನಲ್ಲಿ, ಹುಣ್ಣಿನಲ್ಲಿ ಇರುವ ಇದು ಹೊಟ್ಟೆಯನ್ನೂ ಕೆಡಿಸುತ್ತದೆ ಎಂದು ಮುಂದೆ ಮೂವತ್ತು ವರ್ಷ ಯಾರಿಗೂ ಖಚಿತವಾಗಿರಲಿಲ್ಲ.

ಫಿಲಿಪ್ಪೀನ್ಸ್‌ನಲ್ಲಿದ್ದ ಅಮೆರಿಕದ ವಿಜ್ಞಾನಿ ಎಂ.ಎ. ಬಾರ್ಬರ್ ಒಂದು ತೋಟಕ್ಕೆ ಹೋದಾಗಲೆಲ್ಲ ವಾಂತಿ, ಭೇದಿ ಹಿಡಿದು ಬರುತ್ತಿದ್ದ. ಅನುಮಾನ ಅಲ್ಲಿಯ ಹಾಲಿನ ಮೇಲೆ ಬಂತು. ಕರೆದ ಕೂಡಲೇ ಕುಡಿದು ನೋಡಿದ, ಏನೂ ಆಗಲಿಲ್ಲ. ಅದೇ ಹಾಲನ್ನು ಕೆಲವು ತಾಸು ಹೊರಗಿಟ್ಟು ಕುಡಿದ, ಹೊಟ್ಟೆ ತೊಳಸಿ ಬಂತು. ಕೆಚ್ಚಲಿನಲ್ಲಿ ಸೋಂಕಿದ್ದ ಹಸುವೊಂದರ ಹಾಲಿನಿಂದ ಸ್ಟ್ಯಾಫಿಲೊಕಾಕಸ್ ತೆಗೆದು, ಒಳ್ಳೆಯ ಹಾಲಿಗೆ ಬೆರೆಸಿ, ತಾನೂ ಕುಡಿದು ಸ್ವಯಂಸೇವಕರಿಗೂ ಕುಡಿಸಿದ. ಎಲ್ಲರೂ ಬಿದ್ದರು. 1914ರಲ್ಲಿ ಪ್ರಕಟವಾದ ಈ ಕೆಲಸವನ್ನು ಲೋಕ ಬಹುಮಟ್ಟಿಗೆ ಮರೆತಿತ್ತು. 1930ರಲ್ಲಿ ಶಿಕಾಗೋದಲ್ಲಿ ಗೇಲ್ ಡ್ಯಾಕ್ ಮತ್ತು ಸಂಗಡಿಗರು ಕೇಕ್ ತಿಂದು ಕಾಯಿಲೆ ಬಿದ್ದವರ ಜಾಡು ಹಿಡಿದು, ಬ್ಯಾಕ್ಟೀರಿಯಾವನ್ನೇ ಸೋಸಿ ತೆಗೆದ ದ್ರವ ಕುಡಿಸಿದರೂ ವಾಂತಿಯಾಗುತ್ತದೆಂದು ತೋರಿಸಿದರು. ಅಂದರೆ ಕೆಡುಕು ಮಾಡುವುದು ಅದು ಬಿಟ್ಟುಹೋದ ವಿಷ. ಆ ವಿಷ ಕುದಿಸಿದರೂ ಹೋಗುವುದಿಲ್ಲ.

ಇಲ್ಲಿ ಕಟುಕರ ಮಳಿಗೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಕೊಡಲಿ ಏಟಿಗೆ ನಡು ಸವೆದು ಬಟ್ಟಲಿನಂತಾದ ಮರದ ತುಂಡು. ಅದರ ಬಿರುಕುಗಳಲ್ಲಿ ನಿನ್ನೆಯ ಕೊಬ್ಬು ಕಪ್ಪಾಗಿ ಕೂತಿರುತ್ತದೆ. ಕೈ ತೊಳೆಯಲು, ಚೂರಿ ಅದ್ದಲು, ಮಾಂಸಕ್ಕೆ ಚಿಮುಕಿಸಲು ಇರುವುದು ಒಂದೇ ಬಕೆಟ್ ನೀರು. ಹೊತ್ತೇರಿದಂತೆ ಅದರ ಬಣ್ಣವೂ ಬದಲಾಗುತ್ತದೆ. ಹೆಗಲ ಮೇಲಿನ ಒಂದೇ ವಸ್ತ್ರ ಬೆವರಿಗೂ ತಕ್ಕಡಿಗೂ. ಬೆರಳಿಗೆ ಗಾಯ, ಅದಕ್ಕೆ ಹರಿದ ಬಟ್ಟೆಯ ಪಟ್ಟಿ. ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ವಾಸ ಇರುತ್ತದೆ. ಗಾಯವಾದ ಬೆರಳಲ್ಲಂತೂ ಕೇಳುವುದೇ ಬೇಡ. ಹಸಿ ಮಾಂಸಕ್ಕೆ ಅಂಟುವ ಈ ಬ್ಯಾಕ್ಟೀರಿಯಾ ಎಷ್ಟೋ ಸಲ ಹಂದಿಯದಲ್ಲ, ಮನುಷ್ಯನದೇ. ಪ್ರಯೋಗಾಲಯದವರು ಬ್ಯಾಕ್ಟೀರಿಯಾ ಬೆಳೆಸಲು ಪೆಟ್ಟಿಗೆಯನ್ನು 37 ಡಿಗ್ರಿಗೆ ಕಾಯಿಸಿ ಇಡುತ್ತಾರೆ. ಬೇಸಗೆಯ ಇಳಕಲ್ಲಿನಲ್ಲಿ ಆ ಪೆಟ್ಟಿಗೆಯ ಅಗತ್ಯವಿಲ್ಲ, ಬೀದಿಯೇ ಸಾಕು. ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುವ ಜೀವಿ ಒಂದೇ ಒಂದರಿಂದ ಶುರುವಾಗಿ ಏಳು ತಾಸಿನಲ್ಲಿ 20 ಲಕ್ಷ ದಾಟುತ್ತದೆ. ಮುಂಜಾನೆ ಆರಕ್ಕೆ ಕಡಿದ ಮಾಂಸ ಮಧ್ಯಾಹ್ನ ಒಂದಕ್ಕೆ ಮಾರಾಟವಾದರೆ ಲೆಕ್ಕ ನೀವೇ ಹಾಕಿಕೊಳ್ಳಿ. ರಾತ್ರಿ ಮಾಡಿದ ಸಾರು ಬೆಳಗಿನ ತನಕ ಹೊರಗೇ ಉಳಿದರೂ ಇದೇ ಲೆಕ್ಕ. ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸತ್ತಾವು, ವಿಷ ಉಳಿದೀತು.

ಆದರೂ ಇದೆಲ್ಲ ತಿಂದವರ ಕತೆ. ತಿನ್ನದವರಿಗೂ ಕಾಯಿಲೆ ಬರಬಹುದೆಂದು ಗೊತ್ತಾಗಲು 1988ರ ತನಕ ಕಾಯಬೇಕಾಯಿತು. ಈ ಇಡೀ ಶೋಧಗಳ ಸಾಲಿನಲ್ಲಿ ನಮ್ಮ ಜಿಲ್ಲೆಗೆ ಎಲ್ಲಕ್ಕಿಂತ ಹತ್ತಿರವಾದದ್ದು ಇದೇ ಎಂದು ನನ್ನ ಎಣಿಕೆ.

ಅಮೆರಿಕದ ಅಟ್ಲಾಂಟಾ ನಗರದಲ್ಲಿ ಆ ವರ್ಷದ ಕೊನೆಗೆ ಆಸ್ಪತ್ರೆಗೆ ಕೂಸುಗಳು ಬರತೊಡಗಿದವು. ಜ್ವರ, ರಕ್ತ ಬೆರೆತ ಭೇದಿ. ಹತ್ತಕ್ಕೂ ಮಿಕ್ಕಿದ ಮಕ್ಕಳಲ್ಲಿ ಒಂದೇ ಬ್ಯಾಕ್ಟೀರಿಯಾ ಸಿಕ್ಕಿತು: ಯೆರ್ಸಿನಿಯಾ ಎಂಟೆರೊಕೊಲಿಟಿಕಾ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ರೋಗಾಣುವನ್ನು ಕಂಡ ಅಲೆಕ್ಸಾಂಡ್ರ್ ಯೆರ್ಸಿನ್‌ನ ಹೆಸರು ಹೊತ್ತ ಕುಲ ಅದು. ಇದು ಪ್ಲೇಗ್ ತರುವುದಲ್ಲ. ಇದರ ಮನೆ ಹಂದಿಯ ಗಂಟಲು ಮತ್ತು ಕರುಳು. ಫ್ರಿಜ್ಜಿನ ತಂಪಿನಲ್ಲಿಯೂ ನಿಧಾನವಾಗಿ ಬೆಳೆಯುವ ಜಾತಿ. ಹಂದಿಗೂ ಈ ಮಕ್ಕಳಿಗೂ ಎತ್ತಣ ಸಂಬಂಧ? ಬಹಳಷ್ಟು ಕೂಸುಗಳು ಇನ್ನೂ ಬಾಟಲಿ ಹಾಲು ಕುಡಿಯುವಂಥವು. ಮಾಂಸ ಮುಟ್ಟಿದ್ದೂ ಇಲ್ಲ.

ರೋಗ ನಿಯಂತ್ರಣ ಕೇಂದ್ರದ ತನಿಖೆಗಾರರು ಮನೆಗಳಿಗೆ ಹೋಗಿ ಕೇಳಿದರು. ಅಲ್ಲಿಯ ಕಪ್ಪು ಜನರ ಮನೆಗಳಲ್ಲಿ ವರ್ಷದ ಕೊನೆಯ ಹಬ್ಬಗಳಿಗೆ ಹಂದಿಯ ಬೋಟಿ ಮಾಡುವುದು ಗುಲಾಮಗಿರಿಯ ಕಾಲದಿಂದ ಬಂದ ರೂಢಿ. ಮಾಲೀಕರು ಒಳ್ಳೆಯ ಮಾಂಸ ಇಟ್ಟುಕೊಂಡು ಬಿಸಾಡಿದ್ದನ್ನು ಕಷ್ಟದಲ್ಲಿದ್ದವರು ರುಚಿಯ ಅಡುಗೆ ಮಾಡಿಕೊಂಡಿದ್ದರು. ಕರುಳನ್ನು ಬಿಡಿಸಿ, ತಿರುವಿ, ಕೊಬ್ಬು ಕಿತ್ತು, ಮತ್ತೆ ಮತ್ತೆ ತೊಳೆದು ಸ್ವಚ್ಛ ಮಾಡಲು ತಾಸುಗಟ್ಟಲೆ ಬೇಕು. ಆ ನಡುವೆ ತೊಟ್ಟಿಲಿನಲ್ಲಿ ಕೂಸು ಅಳುತ್ತದೆ. ತಾಯಿಯೋ ಅಜ್ಜಿಯೋ ಕೈ ಒರೆಸಿಕೊಂಡು ಹೋಗಿ ಬಾಟಲಿ ಬಾಯಿಗಿಡುತ್ತಾರೆ. ಬೋಟಿ ಆಮೇಲೆ ಚೆನ್ನಾಗಿಯೇ ಬೇಯುತ್ತದೆ. ತಿಂದ ದೊಡ್ಡವರು ಆರಾಮ, ತಿನ್ನದ ಕೂಸು ಆಸ್ಪತ್ರೆಯಲ್ಲಿ. 1990ರಲ್ಲಿ ಈ ತನಿಖೆ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಆ ಸೀಮೆಯ ಆರೋಗ್ಯ ಇಲಾಖೆಯವರು ಜನರಿಗೆ ಹೇಳಿದ್ದು ಬೋಟಿ ಬಿಡಿ ಎಂದಲ್ಲ. ಸ್ವಚ್ಛ ಮಾಡುವವರು ಬೇರೆ, ಕೂಸು ನೋಡಿಕೊಳ್ಳುವವರು ಬೇರೆ ಇರಲಿ. ಕೈಯನ್ನು ಸೋಪಿನಿಂದ ತೊಳೆಯಿರಿ. ಸ್ವಚ್ಛ ಮಾಡುವ ಮೊದಲೇ ಒಮ್ಮೆ ಕುದಿಸಿ ಎಂದು.

ಬಾಗಲಕೋಟೆಯ ಯಾವ ಓಣಿಯಲ್ಲಿ ಈ ಚಿತ್ರ ಇಲ್ಲ ಹೇಳಿ. ಹಂದಿಯದಿರಲಿ ಕುರಿಯದಿರಲಿ, ಬೋಟಿ ತೊಳೆಯುವವರು ಹೆಂಗಸರು, ಕೂಸು ಎತ್ತಿಕೊಳ್ಳುವವರೂ ಅವರೇ.

ಇನ್ನು ತೀರ ಇತ್ತೀಚಿನ ಶೋಧ ಒಂದು, ಅದೂ ಹಂದಿಯಿಂದಲೇ ಬಂದದ್ದು. ಎಲ್ಲ ಔಷಧಗಳೂ ಸೋತಾಗ ವೈದ್ಯರು ಕೊನೆಗೆ ಹುಡುಕುವ ಆ್ಯಂಟಿಬಯಾಟಿಕ್‌ಗಳಲ್ಲಿ ಕೊಲಿಸ್ಟಿನ್ ಒಂದು. ಚೀನಾದ ಹಂದಿ ಸಾಕಣೆಯಲ್ಲಿ ಅದನ್ನು ಮೇವಿಗೆ ಧಾರಾಳ ಬೆರೆಸುತ್ತಿದ್ದರು. ಶಾಂಘೈ ಬಳಿಯ ಹಂದಿಯೊಂದರ ಇ. ಕೋಲೈ ಬ್ಯಾಕ್ಟೀರಿಯಾ ಕೊಲಿಸ್ಟಿನ್‌ಗೆ ಜಗ್ಗದಿದ್ದುದನ್ನು ಕಂಡು ಸಂಶೋಧಕರು ಹುಡುಕಿದಾಗ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುವ ವಂಶವಾಹಿ ಸಿಕ್ಕಿತು. ಅದನ್ನು ಎಂಸಿಆರ್-1 ಎಂದು ಕರೆದರು. 2015ರ ನವೆಂಬರ್‌ನಲ್ಲಿ ಬಂದ ಅವರ ವರದಿಯಂತೆ, ಪರೀಕ್ಷಿಸಿದ ಹಸಿ ಮಾಂಸದ 523 ಮಾದರಿಗಳಲ್ಲಿ 78ರಲ್ಲಿ ಅದಿತ್ತು; ಆಸ್ಪತ್ರೆಯ 1,322 ರೋಗಿಗಳಲ್ಲಿ 16 ಮಂದಿಯಲ್ಲಿ. ಮಾಂಸದಲ್ಲಿ ಹೆಚ್ಚು, ಮನುಷ್ಯರಲ್ಲಿ ಕಡಿಮೆ. ದಾಟುವುದು ಯಾವ ಕಡೆಯಿಂದ ಯಾವ ಕಡೆಗೆ ಎಂದು ಊಹಿಸಲು ಕಷ್ಟವಿರಲಿಲ್ಲ. ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಇಲ್ಲಿಯೂ ಒಲೆಯ ಲೆಕ್ಕ ನಡೆಯುವುದಿಲ್ಲ. ಕುದಿಸಿದರೆ ಆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಕಡಿಯುವ ಕೈಯ ಮೂಲಕ ಅದು ಆಗಲೇ ಇನ್ನೊಬ್ಬರ ಕರುಳು ಸೇರಿರಬಹುದು.

ಇಂಥ ರೋಗಾಣುಗಳನ್ನು ನಮ್ಮ ಊರಿನ ಮಾಂಸದಲ್ಲಿ ಕಂಡುಹಿಡಿಯಲು ದೊಡ್ಡ ಸಲಕರಣೆ ಬೇಕಿಲ್ಲ. ಪದವಿ ಕಾಲೇಜಿನ ಸೂಕ್ಷ್ಮಜೀವಿ ವಿಭಾಗದಲ್ಲಿ ಆಗುವ ಕೆಲಸ. ಹಸಿ ಮಾಂಸದ 25 ಗ್ರಾಂ ಚೂರನ್ನು 225 ಮಿಲಿಲೀಟರ್ ಪೆಪ್ಟೋನ್ ನೀರಿನಲ್ಲಿ ಕಲಸಿ ರಾತ್ರಿಯಿಡೀ ಬೆಚ್ಚಗೆ ಇಡುತ್ತಾರೆ. ಸೊರಗಿದ ಬ್ಯಾಕ್ಟೀರಿಯಾಗಳು ಅದರಲ್ಲಿ ಚೇತರಿಸಿಕೊಳ್ಳುತ್ತವೆ. ಆಮೇಲೆ ಬೇರೆ ಬೇರೆ ಅಗರ್ ತಟ್ಟೆಗಳಿಗೆ ಎಳೆಯುತ್ತಾರೆ. ಮ್ಯಾಕ್‌ಕಾಂಕಿ ಅಗರಿನಲ್ಲಿ ಇ. ಕೋಲೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಸಾಲ್ಮೊನೆಲ್ಲಾ ಬಣ್ಣವಿಲ್ಲದೆ ಉಳಿಯುತ್ತದೆ. ಎಕ್ಸ್‌ಎಲ್‌ಡಿ ಎಂಬ ಕೆಂಪು ಅಗರಿನಲ್ಲಿ ಸಾಲ್ಮೊನೆಲ್ಲಾದ ಚುಕ್ಕೆಗಳಿಗೆ ನಡುವೆ ಕಪ್ಪು ಬೊಟ್ಟು. ಇನ್ನೊಂದು ತಟ್ಟೆಯಲ್ಲಿ ಬೇರಾವುದೂ ಸಲೀಸಾಗಿ ಬೆಳೆಯದಷ್ಟು ಉಪ್ಪು, ನೂರಕ್ಕೆ ಏಳೂವರೆ ಭಾಗ. ಅದರಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಬೆಳೆದು ಸುತ್ತ ಹಳದಿ ಮಾಡುತ್ತದೆ. ಜೊತೆಗೆ 1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬರ್ಲಿನ್ನಿನ ಶವಾಗಾರದಲ್ಲಿ ಕಂಡುಕೊಂಡ ಬಣ್ಣ ಹಾಕುವ ವಿಧಾನ. ಮೂರು ನಾಲ್ಕು ದಿನದಲ್ಲಿ ತಟ್ಟೆಯೇ ಉತ್ತರ ಹೇಳುತ್ತದೆ. ಮಾಂಸವನ್ನು ಮೂಸಿ, ಬಣ್ಣ ನೋಡಿ, ಬೆರಳಿನಿಂದ ಒತ್ತಿ ಒಳ್ಳೆಯದೆಂದು ಕೊಳ್ಳುವ ನಮ್ಮ ಪರೀಕ್ಷೆಗೆ ಕೊಳೆತದ್ದು ಸಿಕ್ಕಿಬೀಳುತ್ತದೆ. ರೋಗಾಣು ಸಿಕ್ಕಿಬೀಳುವುದಿಲ್ಲ. ಸಾಲ್ಮೊನೆಲ್ಲಾ ತುಂಬಿದ ಮಾಂಸಕ್ಕೆ ವಾಸನೆಯೇನೂ ಬರುವುದಿಲ್ಲ.

ಹಂದಿ ಕಡಿಯುವವರಿಗೆ ಬೈದು ಉಪಯೋಗವಿಲ್ಲ. ಅವರಿಗೆ ಕೊಟ್ಟಿರುವ ಜಾಗ ಚರಂಡಿಯ ಬದಿ, ನೀರು ಒಂದು ಬಕೆಟ್. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದದ್ದು 2006ರಲ್ಲಿ. ಮಾಂಸ ಮಾರುವ ಜಾಗ ಹೇಗಿರಬೇಕೆಂದು ಅದರ ನಿಯಮಗಳು ಹೇಳುತ್ತವೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಿದಾಗ ನವನಗರವನ್ನೇ ಕಟ್ಟಿದ ಜಿಲ್ಲೆ ಇದು. ಇಳಕಲ್ಲಿನ ಕೆಂಪು ಗ್ರಾನೈಟ್ ಹೊರದೇಶಗಳಿಗೆ ಹೋಗಿ ದೊಡ್ಡವರ ಮನೆಗೆ ನೆಲವಾಗುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನಗರಸಭೆ, ಪುರಸಭೆಗಳು ಮಾಂಸದ ಮಳಿಗೆಗಳಿಗೆ ಅದೇ ಕಲ್ಲಿನ, ತೊಳೆಯಲು ಬರುವ ಒಂದು ಕಟ್ಟೆ, ಹರಿಯುವ ನೀರಿನ ಒಂದು ನಲ್ಲಿ, ನೊಣ ಬಾರದ ಒಂದು ಜಾಲರಿ ಕೊಡಲಿ. ಮನೆಯಲ್ಲಿ ನಾವು ಮಾಡಬೇಕಾದದ್ದು ಇನ್ನೂ ಕಡಿಮೆ ಖರ್ಚಿನದು: ಮಾಂಸ ಹೆಚ್ಚಿದ ಚೂರಿಯಲ್ಲಿ ತೊಳೆಯದೆ ಸೌತೆಕಾಯಿ ಹೆಚ್ಚಬೇಡಿ, ಬೋಟಿ ತೊಳೆಯುವ ದಿನ ಕೂಸನ್ನು ಬೇರೆಯವರ ಕೈಗೆ ಕೊಡಿ.